ಪಿಎಚ್ ಪ್ರೋಬ್ ಆಂಪ್ಲಿಫೈಯರ್: 10 ಮೈಕ್ರೋವೋಲ್ಟ್ ಆಫ್‌ಸೆಟ್ ಚಿಪ್ ಹಾಕಿದ್ರೂ ರೀಡಿಂಗ್ 0.3 ತಪ್ಪು ಬರ್ತಾ ಉಂಟು, ಎಂತ ಮಾಡುದು?

ಸಿಗಡಿಕೆರೆ:

ಎಲ್ರಿಗೂ ನಮಸ್ಕಾರ. ನಮ್ದು ಕುಂದಾಪುರದ ಹತ್ರ ಹಿನ್ನೀರಿನ ಬದಿಯಲ್ಲಿ ಎರಡು ಸಿಗಡಿ ಕೆರೆ ಉಂಟು, ಅಪ್ಪ ನೋಡ್ಕೊಳ್ಳುದು, ನಾನು ಡಿಪ್ಲೊಮಾ ಮುಗ್ಸಿ ಸಣ್ಣ ರಿಪೇರಿ ಅಂಗಡಿ ಇಟ್ಕೊಂಡಿದ್ದೇನೆ. ಸಿಗಡಿ ಸಾಕುವವರಿಗೆ ಗೊತ್ತಿರ್ತದೆ, ನೀರಿನ ಪಿಎಚ್ 7.5ರಿಂದ 8.5ರ ಒಳಗೆ ಇರ್ಬೇಕು, ಅದಕ್ಕಿಂತ ದೊಡ್ಡ ವಿಷಯ ಎಂತ ಅಂದ್ರೆ ಬೆಳಿಗ್ಗೆಗೂ ಸಾಯಂಕಾಲಕ್ಕೂ 0.5ಕ್ಕಿಂತ ಜಾಸ್ತಿ ಏರಿಳಿತ ಬರ್ಬಾರ್ದು. ರಾತ್ರಿಯಿಡೀ ಪಾಚಿ, ಸಿಗಡಿ ಎಲ್ಲ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ತುಂಬಿ ಬೆಳಗಿನ ಜಾವಕ್ಕೆ ಪಿಎಚ್ ಇಳಿದಿರ್ತದೆ, ಬಿಸಿಲು ಬಂದ ಮೇಲೆ ಪಾಚಿ ಅದನ್ನೇ ಎಳ್ಕೊಂಡು ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಏರ್ತದೆ. ಅಪ್ಪ ಈಗಲೂ ದಿನಾ ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡ್ಕೊಂಡು ಹೋಗಿ ಸಣ್ಣ ಬಾಟ್ಲಿಯಲ್ಲಿ ನೀರು ತೆಗ್ದು ಹನಿ ಹಾಕಿ ಬಣ್ಣ ನೋಡಿ ನೋಟ್‌ಬುಕ್ಕಲ್ಲಿ ಬರೀತಾರೆ, ಅವರ ಕಣ್ಣಿಗೆ ಈಗ ಬಣ್ಣದ ವ್ಯತ್ಯಾಸ ಸರಿಯಾಗಿ ಕಾಣುದಿಲ್ಲ. ಅದಕ್ಕೇ ಬ್ಯಾಟರಿಯಲ್ಲಿ ನಡಿಯುವ, ತನ್ನಷ್ಟಕ್ಕೇ ಪಿಎಚ್ ಅಳ್ದು ಬರ್ದಿಡುವ ಒಂದು ಲಾಗರ್ ಮಾಡುವ ಅಂತ ಹೊರಟದ್ದು.

ಸರ್ಕ್ಯೂಟ್ ಹೀಗುಂಟು: ಒಂದು 18650 ಸೆಲ್, 3.3 ವೋಲ್ಟ್ ರೆಗ್ಯುಲೇಟರ್, ಪ್ರೋಬಿನ ರೆಫರೆನ್ಸ್ ಕಡೆಯನ್ನು 1.65 ವೋಲ್ಟಿಗೆ ಎತ್ತಿ ಇಟ್ಟಿದ್ದೇನೆ, ಗಾಜಿನ ಕಡೆಯ ವೈರು ಸೀದಾ ಆಪ್‌ಆಂಪ್ ಬಫರಿಗೆ (ಬಂದ ವೋಲ್ಟೇಜನ್ನೇ ಹಾಗೇ ಔಟ್‌ಪುಟ್ಟಿಗೆ ಕೊಡುವ ಆಂಪ್ಲಿಫೈಯರ್ ಚಿಪ್). ಇನ್‌ಪುಟ್ಟಿಗೆ ರಕ್ಷಣೆಗೆ ಅಂತ ಎರಡು 1ಎನ್4148 ಡಯೋಡು, ಒಂದು ಪ್ಲಸ್ಸಿಗೆ ಒಂದು ಗ್ರೌಂಡಿಗೆ, ಮತ್ತೆ ನಾಯ್ಸ್ ಹೋಗ್ಲಿ ಅಂತ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್. ಮೊದ್ಲು ಅಂಗಡಿಯಲ್ಲಿ ಇದ್ದ ಎಲ್‌ಎಂ358 ಹಾಕಿದ್ದೆ, ಔಟ್‌ಪುಟ್ ಸೀದಾ ಮೇಲೆ ಹೋಗಿ ಕೂತ್ಕೊಂಡಿತು, ಪ್ರೋಬ್ ನೀರಲ್ಲಿದ್ರೂ ಅಷ್ಟೇ ಹೊರಗಿದ್ರೂ ಅಷ್ಟೇ. ಆಮೇಲೆ ಹುಡುಕಿ ಓಪಿಎ333 ತರಿಸಿದೆ, ಆಫ್‌ಸೆಟ್, ಅಂದ್ರೆ ಚಿಪ್ ತಾನೇ ಸೇರಿಸುವ ವೋಲ್ಟೇಜ್ ತಪ್ಪು, ಜಾಸ್ತಿ ಅಂದ್ರೆ 10 ಮೈಕ್ರೋವೋಲ್ಟ್, ಕರೆಂಟ್ 17 ಮೈಕ್ರೋಆಂಪ್ ಸಾಕು, ಇದಕ್ಕಿಂತ ಒಳ್ಳೇದು ಎಂತ ಬೇಕು ಅಂತ.

ಆದ್ರೆ ಪಿಎಚ್ 7 ಅಂತ ಗೊತ್ತಿರುವ ಪರೀಕ್ಷೆ ದ್ರಾವಣದಲ್ಲಿ (ಬಫರ್ ದ್ರಾವಣ) 1650 ಮಿಲಿವೋಲ್ಟ್ ಬರ್ಬೇಕಾದಲ್ಲಿ 1668ರಿಂದ 1675ರ ವರೆಗೆ ಬರ್ತಾ ಉಂಟು, ಅಂದ್ರೆ 0.3, 0.4 ಪಿಎಚ್ ತಪ್ಪು. ಪಿಎಚ್ 4ರ ದ್ರಾವಣಕ್ಕೂ 7ಕ್ಕೂ ನಡುವೆ 177 ಬರ್ಬೇಕಾದಲ್ಲಿ 171 ಬರ್ತದೆ. ಸಾಫ್ಟ್‌ವೇರಲ್ಲಿ ಕ್ಯಾಲಿಬ್ರೇಶನ್ ಮಾಡಿ ಸರಿ ಮಾಡಿದೆ, ಮರುದಿನ ಬೆಳಿಗ್ಗೆ ನೋಡಿದ್ರೆ ಮತ್ತೆ ಬೇರೆ. ಕಾಲೇಜಿನ ಪುಸ್ತಕದಲ್ಲಿ ಬಯಾಸ್ ಕರೆಂಟ್ (ಚಿಪ್ಪಿನ ಇನ್‌ಪುಟ್ಟಲ್ಲಿ ಹರಿಯುವ ಸಣ್ಣ ಕರೆಂಟ್) ಕಾಂಪೆನ್ಸೇಶನ್‌ಗೆ ಇನ್ನೊಂದು ಇನ್‌ಪುಟ್ಟಿಗೂ ಅಷ್ಟೇ ರೆಸಿಸ್ಟರ್ ಹಾಕಿ ಅಂತ ಇತ್ತಲ್ಲ, ಅದನ್ನು ನಂಬಿ 100 ಮೆಗಾಓಮ್ ತರಿಸಿ ಫೀಡ್‌ಬ್ಯಾಕಿನಲ್ಲಿ (ಔಟ್‌ಪುಟ್ಟಿಂದ ಇನ್‌ಪುಟ್ಟಿಗೆ ವಾಪಸ್ ಬರುವ ದಾರಿ) ಹಾಕಿದೆ, ಕಡಿಮೆ ಆಗುದು ಬಿಟ್ಟು ತಪ್ಪು ಇನ್ನೂ ಜಾಸ್ತಿ ಆಯ್ತು, ಕೊನೆಯ ಅಂಕೆ ಕುಣಿಯುದೂ ಜಾಸ್ತಿ. ಚಿಪ್ಪೇ ಹಾಳಿರ್ಬಹುದಾ? ಇನ್ನೂ ದುಬಾರಿಯದ್ದು ತರ್ಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ ಮಾರಾಯ್ರೆ, ಮಳೆಗಾಲಕ್ಕೆ ಮುಂಚೆ ಕೆರೆಯಲ್ಲಿ ಇಡ್ಬೇಕು ಅಂತ ಆಸೆ.

ಹಳೇಬೆಂಚು:

ಚಿಪ್ ಹಾಳಾಗಿಲ್ಲ, ಅದು ಅದರ ಡೇಟಾಶೀಟಲ್ಲಿ ಏನು ಬರೆದಿದೆಯೋ ಅದನ್ನೇ ಮಾಡ್ತಿದೆ. ನೀವು ಆಫ್‌ಸೆಟ್ ಸಾಲು ಓದಿದ್ರಿ, ಅದರ ಕೆಳಗೆ ಇನ್‌ಪುಟ್ ಬಯಾಸ್ ಕರೆಂಟ್ ಅಂತ ಇನ್ನೊಂದಿದೆ, ಓಪಿಎ333ಗೆ ಸಾಮಾನ್ಯವಾಗಿ 70 ಪಿಕೋಆಂಪ್, ಗರಿಷ್ಠ 200. ಎಪ್ಪತ್ತು ಪಿಕೋಆಂಪ್ ಅಂದ್ರೆ ಬೇರೆ ಎಲ್ಲಾದ್ರೂ ಏನೂ ಅಲ್ಲ, ಆದ್ರೆ ಗಾಜಿನ ಪ್ರೋಬಿನ ರೆಸಿಸ್ಟೆನ್ಸ್ ನೂರಾರು ಮೆಗಾಓಮ್ ಇರುತ್ತೆ. 150 ಮೆಗಾಓಮ್ ಅಂತ ಇಟ್ಕೊಳ್ಳಿ, 70 ಪಿಕೋ ಗುಣಿಸು 150 ಮೆಗಾ, 10.5 ಮಿಲಿವೋಲ್ಟ್. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59.16 ಮಿಲಿವೋಲ್ಟ್, ಹಾಗಾಗಿ 0.18 ಪಿಎಚ್ ಅಲ್ಲೇ ಹೋಯ್ತು. 10 ಮೈಕ್ರೋವೋಲ್ಟ್ ಆಫ್‌ಸೆಟ್‌ಗಿಂತ ಸಾವಿರ ಪಟ್ಟು ದೊಡ್ಡ ತಪ್ಪು ಇದು. ಎಲ್‌ಎಂ358 ಯಾಕೆ ಮೇಲೆ ಹೋಗಿ ಕೂತಿತು ಅನ್ನೋದಕ್ಕೂ ಇದೇ ಲೆಕ್ಕ, ಅದರ ಬಯಾಸ್ ಹತ್ತಾರು ನ್ಯಾನೋಆಂಪ್, 20 ನ್ಯಾನೋ ಅಂದ್ರೂ 150 ಮೆಗಾಓಮ್‌ಗೆ 3 ವೋಲ್ಟ್ ಆಯ್ತು.

ಇನ್ನು ಕ್ಯಾಲಿಬ್ರೇಶನ್ ಯಾಕೆ ನಿಲ್ಲಲ್ಲ ಅಂದ್ರೆ, ಬಯಾಸ್ ಕರೆಂಟ್ ಒಂದೇ ಇದ್ರೂ ಗಾಜಿನ ರೆಸಿಸ್ಟೆನ್ಸ್ ಒಂದೇ ಇರಲ್ಲ, ನೀರು ತಣ್ಣಗಾದಷ್ಟೂ ಏರುತ್ತೆ, ಸುಮಾರು 8 ಡಿಗ್ರಿ ಇಳಿದ್ರೆ ಎರಡರಷ್ಟಾಗುತ್ತೆ ಅಂತ ಇಟ್ಕೊಳ್ಳಿ. ಅಂದ್ರೆ ಬೆಳಿಗ್ಗೆ ತಣ್ಣೀರಲ್ಲಿ ಒಂದು ತಪ್ಪು, ಮಧ್ಯಾಹ್ನ ಬಿಸಿ ನೀರಲ್ಲಿ ಇನ್ನೊಂದು ತಪ್ಪು. ನಿಮಗೆ ಬೇಕಾಗಿರೋದೇ ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸ, ಈ ತಪ್ಪು ಅದರದ್ದೇ ವೇಷ ಹಾಕ್ಕೊಂಡು ಬರುತ್ತೆ, ಗ್ರಾಫ್ ನೋಡಿದವರಿಗೆ ಕೆರೆಯ ಏರಿಳಿತ ಯಾವುದು, ಸರ್ಕ್ಯೂಟಿನದ್ದು ಯಾವುದು ಅಂತ ಗೊತ್ತೇ ಆಗಲ್ಲ. ನನಗೆ ಇದು ಬರೀ 0.2 ತಪ್ಪು ಅನ್ನೋದಕ್ಕಿಂತ ಗಂಭೀರ ಅನ್ಸುತ್ತೆ.

ಆ 100 ಮೆಗಾಓಮ್ ವಿಷಯ. ಪುಸ್ತಕದಲ್ಲಿ ಇರೋದು ಸುಳ್ಳಲ್ಲ, ಆದ್ರೆ ಅದು ಎಲ್‌ಎಂ358 ಥರದ ಸಾದಾ ಬೈಪೋಲಾರ್ ಇನ್‌ಪುಟ್‌ಗೆ. ಅಲ್ಲಿ ಎರಡೂ ಇನ್‌ಪುಟ್ಟಿನ ಕರೆಂಟು ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಅಳತೆಗೆ ಹರಿಯುತ್ತೆ, ಎರಡು ಕಡೆ ಸಮ ರೆಸಿಸ್ಟೆನ್ಸ್ ಕೊಟ್ರೆ ವ್ಯತ್ಯಾಸ ಮಾತ್ರ ಉಳಿಯುತ್ತೆ, ತಪ್ಪು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಓಪಿ07, ಓಪಿ27 ಥರದವುಗಳಲ್ಲಿ ಚಿಪ್ಪಿನ ಒಳಗೇ ಬಯಾಸ್ ಕ್ಯಾನ್ಸಲ್ ಮಾಡಿರ್ತಾರೆ, ಉಳಿದ ಚೂರುಪಾರು ಪ್ಲಸ್ಸೋ ಮೈನಸ್ಸೋ ಹೇಳಕ್ಕಾಗಲ್ಲ, ಅದಕ್ಕೇ ಅವುಗಳ ಶೀಟಲ್ಲಿ ಬಯಾಸ್ ಕರೆಂಟೂ ಆಫ್‌ಸೆಟ್ ಕರೆಂಟೂ (ಎರಡು ಇನ್‌ಪುಟ್ಟಿನ ಕರೆಂಟಿನ ವ್ಯತ್ಯಾಸ) ಹತ್ತಿರ ಹತ್ತಿರ ಒಂದೇ ಇರುತ್ತೆ, ಅಲ್ಲಿ ರೆಸಿಸ್ಟರ್ ಹಾಕಿ ಪ್ರಯೋಜನ ಇಲ್ಲ. ನಿಮ್ಮ ಓಪಿಎ333 ಇನ್ನೂ ಬೇರೆ, ಅದು ಚಾಪರ್, ಒಳಗೆ ಸ್ವಿಚ್ಚುಗಳು ಒಂದೇ ಸಮ ತಿರುಗ್ತಾ ಇರ್ತವೆ, ಆ ಸ್ವಿಚ್ಚು ಪ್ರತಿ ಸಲ ಚೆಲ್ಲೋ ಚಾರ್ಜೇ ಅದರ ಬಯಾಸ್ ಕರೆಂಟು. ಅದರ ಆಫ್‌ಸೆಟ್ ಕರೆಂಟ್ 140 ಪಿಕೋ ಅಂತ ಕೊಟ್ಟಿದ್ದಾರೆ ನೋಡಿ, ಬಯಾಸ್‌ನ ಸರಿಯಾಗಿ ಎರಡರಷ್ಟು. ಅಂದ್ರೆ ಎರಡು ಇನ್‌ಪುಟ್ಟಿನ ಕರೆಂಟು ಒಂದಕ್ಕೊಂದು ಎದುರು ದಿಕ್ಕು. ನೀವು ಸಮ ರೆಸಿಸ್ಟರ್ ಹಾಕಿದಾಗ ಕಳೆಯೋ ಬದಲು ಕೂಡಿತು. ಮೇಲಿಂದ 100 ಮೆಗಾಓಮ್ ರೆಸಿಸ್ಟರ್ ತಾನೇ 1.3 ಮೈಕ್ರೋವೋಲ್ಟ್ ರೂಟ್ ಹರ್ಟ್ಜ್‌ಗೆ ನಾಯ್ಸ್ ಮಾಡುತ್ತೆ, ಚಾಪರಿನ ಕರೆಂಟ್ ನಾಯ್ಸ್ 100 ಫೆಮ್ಟೋಆಂಪ್ ಅದರಲ್ಲಿ ಹರಿದು ಇನ್ನೊಂದು 10 ಮೈಕ್ರೋವೋಲ್ಟ್. ಕೊನೆಯ ಅಂಕೆ ಕುಣಿದಿದ್ದು ಅದಕ್ಕೇ. ಅದನ್ನ ಇವತ್ತೇ ತೆಗೆದು ಫೀಡ್‌ಬ್ಯಾಕನ್ನ ಬರೀ ತಂತಿ ಮಾಡಿ, ಆದ್ರೆ ರೆಸಿಸ್ಟರ್ ಎಸೀಬೇಡಿ, ಮುಂದೆ ಅದೇ ನಿಮ್ಮ ಅಳತೆಗೋಲು ಆಗುತ್ತೆ.

ಚಿಪ್ ಬದಲಾಯಿಸಿ, ಆದ್ರೆ ತುಂಬ ದುಬಾರಿ ಬೇಡ. ಎಡಿ8603 ನೋಡಿ, ಬಯಾಸ್ ಗರಿಷ್ಠ 1 ಪಿಕೋಆಂಪ್, ಆಫ್‌ಸೆಟ್ 50 ಮೈಕ್ರೋವೋಲ್ಟ್, ನಾಯ್ಸ್ 22 ನ್ಯಾನೋವೋಲ್ಟ್, ಕರೆಂಟ್ 50 ಮೈಕ್ರೋಆಂಪ್ ಒಳಗೆ. 17 ಬಿಟ್ಟು 50 ಆಯ್ತಲ್ಲ ಅಂತ ಬೇಜಾರು ಬೇಡ, 50 ಮೈಕ್ರೋಆಂಪ್ ದಿನಪೂರ್ತಿ ಆನ್ ಇದ್ರೂ 1.2 ಮಿಲಿಆಂಪ್‌ಅವರ್, ನಿಮ್ಮ 18650ರಲ್ಲಿ ಎರಡು ಸಾವಿರದ ಮೇಲಿದೆ, ರೇಡಿಯೋ ಒಂದ್ಸಲ ಕೂಗಿದ್ರೆ ಖರ್ಚಾಗೋದು ಇದಕ್ಕಿಂತ ಎಷ್ಟೋ ಜಾಸ್ತಿ. ಇನ್ನೂ ಕಡಿಮೆ ಬೇಕೇ ಬೇಕು ಅಂದ್ರೆ ಎಂಸಿಪಿ6041 ಇದೆ, 600 ನ್ಯಾನೋಆಂಪಲ್ಲಿ ನಡೆಯುತ್ತೆ, ಬಯಾಸ್ 1 ಪಿಕೋ, ಆದ್ರೆ ಆಫ್‌ಸೆಟ್ 3 ಮಿಲಿವೋಲ್ಟ್‌ವರೆಗೂ ಇರಬಹುದು, ಅದು ಹೆಚ್ಚುಕಡಿಮೆ ಸ್ಥಿರವಾಗಿರೋದ್ರಿಂದ ಕ್ಯಾಲಿಬ್ರೇಶನ್‌ಗೆ ಸಿಗುತ್ತೆ. ಎಲ್‌ಎಂಪಿ7721 ಅಂತ 3 ಫೆಮ್ಟೋಆಂಪಿನದ್ದೂ ಇದೆ, ನಿಮಗೆ ಅದು ಬೇಡ, 1.3 ಮಿಲಿಆಂಪ್ ಕುಡಿಯುತ್ತೆ.

ಒಂದು ಉಳೀತು. ನನ್ನ ಲೆಕ್ಕದಲ್ಲಿ 10 ಮಿಲಿವೋಲ್ಟ್ ಮಾತ್ರ ಬಂತು, ನಿಮ್ಮದು 18ರಿಂದ 25. ಉಳಿದಿದ್ದು ಚಿಪ್ಪಿಂದಲ್ಲ, ಬೋರ್ಡಿಂದ.

ಗಾರ್ಡ್‌ರಿಂಗ್_ಧಾರವಾಡ:

ಬೋರ್ಡಿಂದು ನಾ ಹೇಳ್ತೀನಿ, ನಾನೂ ಇದೇ ಕೆಸರಾಗ ಎರಡು ವರ್ಷ ಕಾಲಿಟ್ಟು ಎದ್ದು ಬಂದೀನಿ, ಮಣ್ಣಿನ ಪಿಎಚ್ ಅಳಿಯೂ ಸರ್ಕ್ಯೂಟ್ ಇತ್ತು ನಂದು.

ಮೊದಲ ಡಯೋಡ್ ನೋಡ್ರಿ. 1ಎನ್4148 ಶೀಟಿನಾಗ ಸೋರಿಕೆ 20 ವೋಲ್ಟಿಗೆ 25 ನ್ಯಾನೋಆಂಪ್ ತನಕ ಇರಬಹುದು ಅಂತ ಬರೆದಾರ. ನಿಮ್ಮಲ್ಲಿ ವೋಲ್ಟೇಜ್ ಕಡಿಮಿ ಅದ, ಸೋರಿಕೆನೂ ಅಷ್ಟಿರೂದಿಲ್ಲ, ಆದ್ರ ನಾವು ಪಿಕೋಆಂಪ್ ಲೆಕ್ಕದಾಗ ಮಾತಾಡ್ಲಿಕ್ಕತ್ತೇವಲ್ಲ. ಎರಡು ಡಯೋಡಿನ ಸೋರಿಕೆ ಸರಿ ಸಮ ಇದ್ರ ಕಳದು ಹೋಗ್ತಿತ್ತು, ಸಮ ಯಾವತ್ತೂ ಇರೂದಿಲ್ಲ. ಇನ್ನೊಂದು, ಅದರ ಮೈ ಗಾಜಿಂದು, ಬೆಳಕು ಒಳಗ ಹೋದ್ರ ಅದೂ ಒಂದು ಸಣ್ಣ ಸೋಲಾರ್ ಸೆಲ್ ಆಗ್ತದ. ಈಗ ಎದ್ದು ಹೋಗಿ ಬೋರ್ಡಿನ ಮ್ಯಾಲೆ ಟಾರ್ಚ್ ಹೊಡೀರಿ, ರೀಡಿಂಗ್ ಅಲ್ಲಾಡ್ತದೋ ಇಲ್ಲೋ ನೋಡ್ರಿ. ನಾನು ಒಂದು ವಾರ ತಲಿ ಕೆಡಿಸ್ಕೊಂಡಿದ್ದೆ, ಮುಂಜಾನೆ ಕಿಡಕಿ ತಗದ್ರ ಒಂದು ರೀಡಿಂಗ್, ಮುಚ್ಚಿದ್ರ ಒಂದು. ಡಯೋಡ್ ಬೇಕೇ ಬೇಕು ಅಂದ್ರ ಬಿಎವಿ199 ಹಾಕ್ರಿ, ಕರೀ ಪ್ಲಾಸ್ಟಿಕ್ ಮೈ, ಸೋರಿಕೆ ಸಾಮಾನ್ಯವಾಗಿ 3 ಪಿಕೋಆಂಪ್. ಅದಕ್ಕಿಂತ ಛಲೋ ಅಂದ್ರ ಡಯೋಡೇ ಬ್ಯಾಡ, ಚಿಪ್ಪಿನ ಒಳಗ ಇರೂ ರಕ್ಷಣೆಗೆ ಮುಂದ ಒಂದು 1 ಮೆಗಾಓಮ್ ಸರಣಿಯಾಗಿ ಕೊಟ್ರ ಸಾಕು, 150 ಮೆಗಾಓಮ್ ಪ್ರೋಬಿನ ಮುಂದ ಅದು ಲೆಕ್ಕಕ್ಕೇ ಬರೂದಿಲ್ಲ.

ಆ 100 ನ್ಯಾನೋಫ್ಯಾರಡ್ ತಗೀರಿ. ಸಾದಾ ಸೆರಾಮಿಕ್ಕಿಗೆ ಇನ್ಸುಲೇಶನ್ ಖಾತ್ರಿ 500 ಮೆಗಾಓಮ್-ಮೈಕ್ರೋಫ್ಯಾರಡ್ ಅಂತ ಕೊಡ್ತಾರ, 0.1 ಮೈಕ್ರೋಕ್ಕ 5 ಗಿಗಾಓಮ್ ಆತು. 150 ಮೆಗಾಓಮ್ ಜೋಡಿ ಅದು ಡಿವೈಡರ್ ಆಗಿ ಸಿಗ್ನಲ್ಲಿನ ನೂರಕ್ಕ ಮೂರು ತಿಂತದ. ನಿಮ್ಮ 177 ಹೋಗಿ 171 ಆಗೇದಲ್ಲ, ಪ್ರೋಬ್ ಹಳೇದಾದ್ರೂ ಹಂಗ ಆಗ್ತದ, ಆದ್ರ ಮೊದಲು ಕೆಪಾಸಿಟರ್ ಕಿತ್ತು ನೋಡ್ರಿ. ಒಂದು ಮಾತು ನೆನಪಿಡ್ರಿ, ಸೋರಿಕೆ ಸಪ್ಲೈ ಕಡೆ ಇದ್ರ ಎಲ್ಲಾ ರೀಡಿಂಗ್ ಒಂದೇ ಕಡೆ ಸರೀತಾವ, ರೆಫರೆನ್ಸ್ ಕಡೆ ಇದ್ರ ಸ್ಲೋಪ್, ಅಂದ್ರ ಒಂದು ಪಿಎಚ್‌ಗೆ ಬರೂ ಮಿಲಿವೋಲ್ಟ್, ಕುಸೀತದ. ನಿಮಗ ಎರಡೂ ಅದಾವ. ಫಿಲ್ಟರ್ ಬಫರ್ ಆದಮ್ಯಾಲೆ ಹಾಕ್ರಿ, ಅಲ್ಲಿ ಎಷ್ಟು ದೊಡ್ಡ ಕೆಪಾಸಿಟರ್ ಇದ್ರೂ ಯಾರಿಗೂ ತ್ರಾಸಿಲ್ಲ.

ಕಡೀಕ ಫ್ಲಕ್ಸ್. ಬೆಸುಗೆ ಹಾಕಿದಮ್ಯಾಲೆ ಪಿನ್ನಿನ ಸುತ್ತ ಕಂದು ಬಣ್ಣದ ಜಿಗಟು ಉಳೀತದಲ್ಲ, ಅದು ಒಣಾ ಹವಾದಾಗ ಸುಮ್ಮನ ಕೂತಿರ್ತದ, ನಿಮ್ಮ ಕಡಲ ದಂಡಿ ಹವಾಕ್ಕ ನೀರು ಹೀರಿ ರೆಸಿಸ್ಟರ್ ಆಗ್ತದ. ಇನ್‌ಪುಟ್ ಪಿನ್ನಿಂದ ಸಪ್ಲೈ ಪಿನ್ನಿಗೆ 10 ಗಿಗಾಓಮ್ ಸೋರಿಕೆ ಅದ ಅಂತ ತಿಳೀರಿ, ನಡುವಿನ ವ್ಯತ್ಯಾಸ 1.65 ವೋಲ್ಟ್, 165 ಪಿಕೋಆಂಪ್ ಆತು, ಪ್ರೋಬಿನ ಮ್ಯಾಲೆ 25 ಮಿಲಿವೋಲ್ಟ್. ಅಂದ್ರ ಚಿಪ್ಪಿಗಿಂತ ದೊಡ್ಡ ಕಳ್ಳ ಬೋರ್ಡ್. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಳೇ ಹಲ್ಲುಜ್ಜೂ ಬ್ರಶ್‌ಲೆ ತಿಕ್ಕ್ರಿ, ಒಂದು ಸಲ ತಿಕ್ಕಿದ್ರ ಫ್ಲಕ್ಸ್ ಹೋಗೂದಿಲ್ಲ, ತೆಳ್ಳಗ ಹರಡ್ತದ ಅಷ್ಟ, ಎರಡನೇ ಸಲ ಹೊಸ ಆಲ್ಕೊಹಾಲ್ ತಗೊಂಡು ತಿಕ್ಕ್ರಿ, ಆಮ್ಯಾಲೆ ಡಿಸ್ಟಿಲ್ಡ್ ನೀರಿಲೆ ತೊಳದು ಬೆಚ್ಚಗ ಒಂದೆರಡು ತಾಸು ಒಣಗಸ್ರಿ. ಒಣಗಿದ ಮ್ಯಾಲೆ ಬೆರಳು ಹಚ್ಚಬ್ಯಾಡ್ರಿ, ಬೆರಳಿನ ಬೆವರು ಉಪ್ಪಲ್ಲೇನು. ಸ್ವಚ್ಛ ಆಗೇದೋ ಇಲ್ಲೋ ತಿಳಕೊಳ್ಳಿಕ್ಕ ಬೋರ್ಡಿನ ಮ್ಯಾಲೆ ಬಾಯಿಂದ ಹಾ ಅಂತ ಬಿಸಿ ಉಸಿರು ಬಿಡ್ರಿ, ರೀಡಿಂಗ್ ಹಾರಿ ಅರ್ಧ ನಿಮಿಷದಾಗ ಮರಳಿ ಬಂದ್ರ ಇನ್ನೂ ಹೊಲಸು ಅದ ಅಂತ ಅರ್ಥ.

ಗಾರ್ಡ್ ರಿಂಗ್ ಬಿಡಬ್ಯಾಡ್ರಿ. ಇನ್‌ಪುಟ್ ಟ್ರ್ಯಾಕಿನ ಸುತ್ತ ಒಂದು ತಾಮ್ರದ ಬೇಲಿ, ಅದನ್ನ ಬಫರಿನ ಔಟ್‌ಪುಟ್ಟಿಗೆ ಜೋಡಸ್ರಿ. ಔಟ್‌ಪುಟ್ಟೂ ಇನ್‌ಪುಟ್ಟೂ ಒಂದೇ ವೋಲ್ಟೇಜ್, ಹಂಗಾಗಿ ಬೇಲಿಗೂ ಟ್ರ್ಯಾಕಿಗೂ ನಡುವೆ ಎಳಿಯೂ ಬಲಾನೇ ಇರೂದಿಲ್ಲ, ಸಪ್ಲೈಯಿಂದ ಬರೂ ಸೋರಿಕೆ ಬೇಲಿಗೇ ಬಂದು ನಿಲ್ತದ. 50 ಮೈಕ್ರೋವೋಲ್ಟ್ ಉಳದ್ರೂ 10 ಗಿಗಾಓಮಿಗೆ 5 ಫೆಮ್ಟೋಆಂಪ್. ಬೋರ್ಡಿನ ಎರಡೂ ಮಗ್ಗಲ ಹಾಕ್ರಿ, ಬೇಲಿ ಮ್ಯಾಲೆ ಹಸಿರು ಮಾಸ್ಕ್ ಬ್ಯಾಡ, ಯಾಕಂದ್ರ ಸೋರಿಕೆ ಮಾಸ್ಕಿನ ಮ್ಯಾಲಿಂದ ಹರೀತದ. ಹೊಸ ಬೋರ್ಡ್ ಮಾಡ್ಸೂದು ಈಗ ಆಗೂದಿಲ್ಲ ಅಂದ್ರ ಇನ್‌ಪುಟ್ ಪಿನ್ನನ್ನ ಬೋರ್ಡಿಗೆ ತಾಗಸದೆ ಮ್ಯಾಲೆ ಎತ್ತಿ ಪ್ರೋಬಿನ ವೈರ್ ಗಾಳಿಯಾಗೇ ಬೆಸುಗೆ ಹಾಕ್ರಿ, ಗಾಳಿಗಿಂತ ಛಲೋ ಇನ್ಸುಲೇಟರ್ ಇಲ್ಲ.

ತಂತಿಮನೆ:

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಾನು ವೀಣೆಗೆ ಪಿಕಪ್ ಮಾಡ್ತಿದೀನಿ, ಕುದುರೆ ಪಕ್ಕ 27 ಮಿಲಿಮೀಟರ್ ಪೀಜೋ ಬಿಲ್ಲೆ (ತಂತಿಯ ನಡುಕವನ್ನ ವೋಲ್ಟೇಜ್ ಮಾಡೋದು) ಅಂಟಿಸಿ 9 ವೋಲ್ಟ್ ಬ್ಯಾಟರಿಯಲ್ಲಿ ಪ್ರೀಆಂಪ್. ನಾಯ್ಸ್ ಕಡಿಮೆ ಅಂತ ಎಲ್ಲರೂ ಹೊಗಳೋ ಎನ್‌ಇ5532 ಹಾಕಿದೆ, ಇನ್‌ಪುಟ್ಟಿಗೆ 10 ಮೆಗಾಓಮ್. ಮಂದ್ರದ ತಂತಿ ಸ್ವಲ್ಪ ಜೋರಾಗಿ ಮೀಟಿದ್ರೆ ಒಡೆದ ಸದ್ದು, ಸುಮ್ಮನಿದ್ದಾಗ ಹುಸ್ ಅಂತ ಬೇರೆ. ಇದೂ ಇದೇ ಕಾಯಿಲೆನಾ?

ಹಳೇಬೆಂಚು:

ಅದೇ ಕಾಯಿಲೆ. ಎನ್‌ಇ5532 ಬಯಾಸ್ ಸಾಮಾನ್ಯವಾಗಿ 200 ನ್ಯಾನೋಆಂಪ್, 10 ಮೆಗಾಓಮ್‌ಗೆ 2 ವೋಲ್ಟ್. ನೀವು 4.5ರಲ್ಲಿ ಕೂರಿಸಿದೀನಿ ಅಂದ್ಕೊಂಡಿದೀರಿ, ಅದು 2.5ರಲ್ಲಿ ಕೂತಿದೆ, ಅದಕ್ಕೇ ಒಂದು ಕಡೆ ಬೇಗ ಒಡೆಯುತ್ತೆ. ಮೀಟರ್ ಇಟ್ಟು ಔಟ್‌ಪುಟ್ ಡಿಸಿ ನೋಡಿ. ಹುಸ್ ಅನ್ನೋದೂ ಅಲ್ಲಿಂದಲೇ: ವೋಲ್ಟೇಜ್ ನಾಯ್ಸ್ 5 ನ್ಯಾನೋವೋಲ್ಟ್ ಅನ್ನೋದು ನಿಜ, ಆದ್ರೆ ಕರೆಂಟ್ ನಾಯ್ಸ್ 0.7 ಪಿಕೋಆಂಪ್, 20 ನ್ಯಾನೋಫ್ಯಾರಡ್ ಬಿಲ್ಲೆ 100 ಹರ್ಟ್ಜ್‌ನಲ್ಲಿ 80 ಕಿಲೋಓಮ್ ಥರ ಕಾಣುತ್ತೆ, ಗುಣಿಸಿದ್ರೆ 56 ನ್ಯಾನೋವೋಲ್ಟ್. ಟಿಎಲ್‌072 ಹಾಕಿ, ವೋಲ್ಟೇಜ್ ನಾಯ್ಸ್ 18 ಇದ್ರೂ ಕರೆಂಟ್ ನಾಯ್ಸ್ ಇಲ್ಲಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಬಯಾಸ್ 65 ಪಿಕೋಆಂಪ್. ಬ್ಯಾಟರಿ ಉಳೀಬೇಕು ಅಂದ್ರೆ ಟಿಎಲ್‌062, ಒಂದು ಚಾನೆಲ್‌ಗೆ 200 ಮೈಕ್ರೋಆಂಪ್, ನಾಯ್ಸ್ 42 ಆಗುತ್ತೆ. ಸಂಗೀತ ಕಚೇರಿಯಲ್ಲಿ ನುಡಿಸೋದಾದ್ರೆ ನಾನು 072 ಅಂತೀನಿ. ಎನ್‌ಇ5532 ಒಳ್ಳೆ ಚಿಪ್ಪೇ, ಅದರ ಜಾಗ ಕೆಲವು ಕಿಲೋಓಮ್ ಒಳಗಿನ ಸೋರ್ಸು.

ಸಿಗಡಿಕೆರೆ:

ಎರಡು ಭಾನುವಾರ ಕೂತು ಎಲ್ಲ ಮಾಡಿದೆ, ಬರೀತೇನೆ. ಪ್ರೋಬ್ ತೆಗ್ದು ಅದರ ಜಾಗದಲ್ಲಿ ಮೊದ್ಲು ಶಾರ್ಟ್ ಮಾಡಿದೆ, 1650.0. ಆಮೇಲೆ ಫೀಡ್‌ಬ್ಯಾಕಿಂದ ಕಿತ್ತ ಅದೇ 100 ಮೆಗಾಓಮನ್ನು ಪ್ರೋಬಿನ ಜಾಗದಲ್ಲಿ ಇಟ್ಟೆ, 1665.8. ಅಂದ್ರೆ ಒಟ್ಟು 158 ಪಿಕೋಆಂಪ್. ಮೀಟರ್ ಬಫರಿನ ಔಟ್‌ಪುಟ್ಟಿಗೇ ಇಟ್ಟದ್ದು, ಇನ್‌ಪುಟ್ಟಿಗೆ ಇಟ್ರೆ ಮೀಟರಿನ 10 ಮೆಗಾಓಮೇ ಎಲ್ಲ ನುಂಗ್ತದೆ. ಟಾರ್ಚ್ ಹೊಡೆದೆ, 4 ಮಿಲಿವೋಲ್ಟ್ ಹಾರಿತು, ಕೈ ಅಡ್ಡ ಹಿಡಿದ್ರೆ ವಾಪಸ್. ಅದನ್ನು ನೋಡಿ ಐದು ನಿಮಿಷ ಸುಮ್ಮನೆ ಕೂತುಬಿಟ್ಟೆ, ನಾನು ದಿನಾ ಟೇಬಲ್ ಲೈಟ್ ಹಾಕ್ಕೊಂಡೇ ಕ್ಯಾಲಿಬ್ರೇಶನ್ ಮಾಡ್ತಾ ಇದ್ದದ್ದು. ಎರಡೂ ಡಯೋಡ್ ಕಿತ್ತೆ, 1660.2. ಬ್ರಶ್ಶಲ್ಲಿ ಎರಡು ಸಲ ತಿಕ್ಕಿ ತೊಳ್ದು ಬಲ್ಬಿನ ಕೆಳಗೆ ಒಣಗಿಸಿದೆ, 1657.3. ಅಲ್ಲಿಂದ ಕೆಳಗೆ ಎಂತ ಮಾಡಿದ್ರೂ ಇಳೀಲಿಲ್ಲ, 73 ಪಿಕೋಆಂಪ್, ಹಳೇಬೆಂಚು ಸರ್ ಹೇಳಿದ 70 ಸರಿಯಾಗಿ ಬಂದು ನಿಂತಿತು.

ಮತ್ತೆ ಎಡಿ8603 ಬಂತು, ಇನ್‌ಪುಟ್ ಪಿನ್ ಮೇಲೆ ಎತ್ತಿ ಗಾಳಿಯಲ್ಲೇ ವೈರ್ ಹಾಕಿದೆ, 1 ಮೆಗಾಓಮ್ ಸರಣಿಯಲ್ಲಿ, ಕೇಬಲಿನ ಒಳಗಿನ ಶೀಲ್ಡನ್ನು ಔಟ್‌ಪುಟ್ಟಿಗೆ ಕಟ್ಟಿದೆ. 100 ಮೆಗಾಓಮ್ ಇಟ್ರೂ ಶಾರ್ಟ್ ಮಾಡಿದ್ರೂ ವ್ಯತ್ಯಾಸ 0.1 ಮಿಲಿವೋಲ್ಟ್ ಒಳಗೆ, ಅದಕ್ಕಿಂತ ಕೆಳಗೆ ನನ್ನ ಮೀಟರ್ ಹೇಳುದಿಲ್ಲ. ಕೆಪಾಸಿಟರ್ ತೆಗ್ದ ಮೇಲೆ 4ಕ್ಕೂ 7ಕ್ಕೂ ನಡುವೆ 175.6 ಬರ್ತಾ ಉಂಟು. ಉಸಿರು ಬಿಟ್ಟು ನೋಡಿದೆ, ಇನ್ನೂ ಸ್ವಲ್ಪ ಅಲ್ಲಾಡ್ತದೆ, ಕನೆಕ್ಟರಿನ ಹತ್ರ ಅನ್ಸ್ತದೆ.

ನಿನ್ನೆ ಬೆಳಿಗ್ಗೆ ಅಪ್ಪನ ಜೊತೆ ಕೆರೆಗೆ ಹೋಗಿದ್ದೆ, ಅವರು ಬಣ್ಣ ನೋಡಿ 7.8 ಅಂದ್ರು, ಲಾಗರ್ 7.74. ಸಾಯಂಕಾಲ ಅವರದ್ದು 8.2, ಇದರದ್ದು 8.17. ಅಪ್ಪ ನೋಟ್‌ಬುಕ್ಕಲ್ಲಿ ಎರಡನ್ನೂ ಪಕ್ಕಪಕ್ಕ ಬರ್ದಿದ್ದಾರೆ. ಇನ್ನು ಮಳೆ ಶುರುವಾದ್ರೆ ಪೆಟ್ಟಿಗೆ ಒಳಗೆ ಎಂತ ಮಾಡ್ಬೇಕು?

ಗಾರ್ಡ್‌ರಿಂಗ್_ಧಾರವಾಡ:

ಭಾಳ ಖುಷಿ ಆತು ನೋಡ್ರಿ, 73 ಬಂದದ್ದು ಓದಿ.

ಕನೆಕ್ಟರ್ ಬಿಳೀ ಟೆಫ್ಲಾನ್ ಇರೂದು ತಗೋರಿ, ಅಗ್ಗದ್ದರಾಗ ಬ್ಯಾರೆ ಪ್ಲಾಸ್ಟಿಕ್ ಹಾಕಿರ್ತಾರ. ಪೆಟ್ಟಿಗಿ ಒಳಗ ಸಿಲಿಕಾ ಜೆಲ್ ಚೀಲ ಇಡ್ರಿ, ಬಣ್ಣ ಬದಲಾಗೂದು, ತಿಂಗಳಿಗೊಮ್ಮೆ ನೋಡಿ ಹಂಚಿನ ಮ್ಯಾಲೆ ಹುರದು ಮತ್ತ ಇಡಬಹುದು. ಬೋರ್ಡಿಗೆ ಕೋಟಿಂಗ್ ಹೊಡೀತೀನಿ ಅಂದ್ರ ಮೊದಲು ಪೂರ್ತಿ ತೊಳದು ಒಣಗಿಸಿ ಆಮ್ಯಾಲೆ ಹೊಡೀರಿ, ಇಲ್ಲಾಂದ್ರ ಹೊಲಸನ್ನ ಒಳಗ ಹಾಕಿ ಬೀಗ ಜಡದಂಗ. ಮತ್ತ ಆ 100 ಮೆಗಾಓಮನ್ನ ಒಂದು ಹಳೇ ಪ್ಲಗ್ಗಿಗೆ ಬೆಸುಗೆ ಹಾಕಿ ಪೆಟ್ಟಿಗಿ ಜೋಡೀನ ಇಡ್ರಿ, ಆಷಾಢದಾಗ ಒಂದು ಮುಂಜಾನೆ ಪ್ರೋಬ್ ತಗದು ಅದನ್ನ ಚುಚ್ಚಿ ನೋಡ್ರಿ, 1 ಮಿಲಿವೋಲ್ಟಿಗಿಂತ ಜಾಸ್ತಿ ಸರದಿದ್ರ ಇಲ್ಲಿ ಬಂದು ಬರೀರಿ.